ಕಾಣಲಿಲ್ಲ ಎಂದು ಬರೆ

ಆಲ್ಟಾದ ಹ್ಯಾಂಗರು. ನವೆಂಬರಿನ ಕೊನೆ.
ಸೂರ್ಯ ಬೆಟ್ಟದಾಚೆ ಇಳಿದು ಮೂರು ದಿನ,
ಇನ್ನು ಜನವರಿಗೇ ಅವನ ಮುಖ.
ಮಡಚುವ ಮಂಚದ ಮೇಲೆ ಅಂಗಿ ಬಿಚ್ಚಿ ಮಲಗಿದ್ದಾನೆ
ಹಾಲ್ವಾರ್ಡ್, ಕಾಡ್ ಮೀನಿನ ದೋಣಿ ಮಾರಿ ಕೂತವನು,
ನಮ್ಮ ಕಲಿಕೆಗೆ ಬಾಡಿಗೆಗೆ ಬಂದ ಹೊಟ್ಟೆ.
ಗಂಟೆಗಿಷ್ಟು ಕೂಲಿ, ಮೇಲೆ ಕಾಫಿ, ಬಿಸಿ ವಾಫೆಲ್.
"ಇಷ್ಟು ಜನ ಒಟ್ಟಿಗೆ ನನ್ನ ಮುಟ್ಟಿದ್ದು ಇದೇ ಮೊದಲು"
ಎನ್ನುತ್ತಾನೆ. ಯಾರೂ ನಗುವುದಿಲ್ಲ.
ಅವನೇ ನಗುತ್ತಾನೆ,
ಪರದೆಯ ಮೇಲೆ ಅವನ ಲಿವರ್ ಕುಲುಕುತ್ತದೆ.

ಹತ್ತೊಂಬತ್ತು ವರ್ಷ ಹಾರಿದ್ದೇನೆ.
ಅಲುಗುವ ಕತ್ತಲಲ್ಲಿ ನರ ಹುಡುಕಿ ಸೂಜಿ ಇಳಿಸಬಲ್ಲೆ.
ಸೋಪಿನ ತುಂಡಿನಷ್ಟಿರುವ ಈ ಪ್ರೋಬು ಮಾತ್ರ
ಮೊದಲ ದಿನ ಕೈಯಲ್ಲಿ ನಿಲ್ಲಲಿಲ್ಲ.

"ಒತ್ತಬೇಡ," ಎಂದಳು ಗುನ್‌ವೋರ್,
ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು,
"ಪೆನ್ನು ಹಿಡಿದ ಹಾಗೆ ಹಿಡಿ.
ಕಿರುಬೆರಳು ಅವನ ಮೈಮೇಲೆ ಊರಿರಲಿ,
ಹೆಲಿಕಾಪ್ಟರ್ ನಡುಗಿದರೆ
ಇಬ್ಬರೂ ಒಟ್ಟಿಗೇ ನಡುಗಿ."

ಬಿಳಿ ಎಂದರೆ ಎಲುಬು. ಬೂದಿ ಬಣ್ಣ, ಮಾಂಸ.
ಕಪ್ಪು ಎಂದರೆ ನೀರು, ಇಲ್ಲವೇ ನೆತ್ತರು.
"ಕಪ್ಪನ್ನು ಹುಡುಕು."
ಎರಡು ತಿಂಗಳ ಇರುಳಲ್ಲಿ ಹುಟ್ಟಿ ಬೆಳೆದವಳಿಗೆ
ಕಪ್ಪು ಹುಡುಕಲು ಕಲಿಸಬೇಕೇ?
ಬೇಕಿತ್ತು.
ಪಿತ್ತಕೋಶ ಕಪ್ಪು, ದೊಡ್ಡ ರಕ್ತನಾಳ ಕಪ್ಪು,
ಪಕ್ಕೆಲುಬಿನ ಹಿಂದೆ ಬೀಳುವ ಬರೀ ನೆರಳೂ ಕಪ್ಪು.
ಇವೆಲ್ಲ ಇರಬೇಕಾದವು.
ಇರಬಾರದ್ದು ಒಂದು:
ಲಿವರಿಗೂ ಕಿಡ್ನಿಗೂ ನಡುವೆ
ಉಗುರಂಚಿನಷ್ಟು ತೆಳ್ಳಗೆ, ಸದ್ದಿಲ್ಲದೆ
ಅಗಲವಾಗುತ್ತಿರುವ ಗೆರೆ.

ಎದೆಗೆ ಬೇರೆ ಪಾಠ.
ಎರಡು ಪಕ್ಕೆಲುಬಿನ ಸಂದಿಯಲ್ಲಿ ಒಂದು ಹೊಳಪು,
ಅದರುದ್ದಕ್ಕೂ ಇರುವೆ ಸಾಲು ಹರಿದ ಹಾಗೆ ಉಸಿರು.
ಹಾಲ್ವಾರ್ಡ್, ಉಸಿರು ಹಿಡಿ. ಇರುವೆಗಳು ನಿಂತವು.
ಬಿಡು. ಹೊರಟವು.
ಮತ್ತೊಮ್ಮೆ ಹಿಡಿ ಎಂದೆ, ಕಲಿಯಲಿಕ್ಕಲ್ಲ,
ಅವು ಮತ್ತೆ ಹೊರಡುವುದನ್ನು ನೋಡಲಿಕ್ಕೆ.

ಇಂಜಿನ್ನಿನ ಅಬ್ಬರದಲ್ಲಿ ಸ್ಟೆತೊಸ್ಕೋಪು
ಕೊರಳಿಗೊಂದು ಸರ, ಅಷ್ಟೆ.
ಎಷ್ಟೋ ಎದೆಗಳ ಮೇಲೆ ಅದನ್ನಿಟ್ಟು
ಕೇಳಿಸಿದವಳಂತೆ ತಲೆಯಾಡಿಸಿದ್ದೇನೆ.
ಇದನ್ನು ಯಾರಿಗೂ ಹೇಳಿರಲಿಲ್ಲ.
ಈಗ, ಯಾವ ಕಿವಿಗೂ ಕೇಳದ ದನಿಯೊಂದು
ಒಳಗೆ ಹೋಗಿ, ಗೋಡೆ ತಟ್ಟಿ ಬಂದು,
ಕಂಡದ್ದನ್ನು ಕಣ್ಣಿಗೆ ಹೇಳುತ್ತದೆ.

ಜೆಲ್ ಹೆಪ್ಪುಗಟ್ಟುತ್ತದೆಂದು ಟ್ಯೂಬನ್ನು ಕಂಕುಳಲ್ಲಿಟ್ಟುಕೊಂಡೆ.
"ಕಾವು ಕೊಡ್ತಿದ್ದೀಯಾ? ಮರಿ ಯಾವಾಗ?" ಎಂದ ಪೈಲಟ್ ಐಲರ್ಟ್.

ವಾಫೆಲ್ಲಿನ ಟೈಮರನ್ನೇ ತಿರುಗಿಸಿಡುತ್ತಿದ್ದಳು ಗುನ್‌ವೋರ್.
ಮೂವತ್ತು ಸೆಕೆಂಡು.
"ನೋಡುವ ಚಟಕ್ಕೆ ಬಿದ್ದು ಹಾರುವುದನ್ನು ಮರೀಬೇಡ."
ಫಾರಮ್ಮಿನಲ್ಲಿ ಮೂರು ಚೌಕ: ಇದೆ. ಇಲ್ಲ. ಕಾಣಲಿಲ್ಲ.
ನಾನು 'ಇಲ್ಲ'ಕ್ಕೆ ಗುರುತು ಹಾಕಿದೆ. ಅವಳು ಅಳಿಸಿದಳು.
"ಇಲ್ಲ ಅನ್ನೋದು ಅವನ ಹೊಟ್ಟೆಯ ಸುದ್ದಿ.
ಕಾಣಲಿಲ್ಲ ಅನ್ನೋದು ನಿನ್ನ ಸುದ್ದಿ.
ನಿನ್ನದನ್ನು ಅವನ ಮೇಲೆ ಹೊರಿಸಬೇಡ."

ಫೆಬ್ರವರಿ. ಬಯಲಿನಲ್ಲಿ ಮಗುಚಿದ ಹಿಮದ ಸ್ಕೂಟರ್.
ಮಾರೆತ್, ಇಪ್ಪತ್ತಾರು, ಹಿಮಸಾರಂಗ ಕಾಯುವವಳು.
ಉಣ್ಣೆಯ ಮೇಲೆ ಉಣ್ಣೆ, ಕತ್ತರಿಸುತ್ತ ಹೋದೆ.
ನನಗೆ ಅರ್ಧವಷ್ಟೇ ಬರುವ ಸಾಮಿ ಮಾತಲ್ಲಿ
ಹಿಂಡು ಯಾರ ಹತ್ತಿರ ಎಂದು ಕೇಳಿದಳು,
ಎರಡು ಸಲ.
ಎಡದೆದೆ: ಇರುವೆ ಹರಿಯುತ್ತಿವೆ. ಬಲಕ್ಕೂ.
ಹೊಟ್ಟೆ: ಬೂದಿಯ ಮೇಲೆ ಬೂದಿ,
ನೆರಳು, ಗಾಳಿ, ಗಾಳಿಗೆ ಓಲುವ ನಾವು.
ಇಪ್ಪತ್ತೆಂಟು, ಇಪ್ಪತ್ತೊಂಬತ್ತು.
ಇನ್ನೊಂದು ಸಲ ಎನ್ನುತ್ತಿತ್ತು ಕೈ.
ಕೈಯನ್ನು ಎತ್ತಿದೆ.

"ಎದೆ ಸರಿಯಿದೆ," ಎಂದೆ ರೇಡಿಯೋಗೆ,
"ಹೊಟ್ಟೆ... ಕಾಣಲಿಲ್ಲ."
ನಾಚಿಕೆಯಾದೀತು ಅಂದುಕೊಂಡಿದ್ದೆ.
ಟ್ರೊಮ್ಸೋದ ದನಿ ನಿಧಾನಿಸಲಿಲ್ಲ:
"ಸರಿ. ಇದೆ ಅಂತಲೇ ತಿಳಿದು ರಕ್ತ ತೆಗೆದಿಡ್ತೇವೆ."

ಐಲರ್ಟ್ ಮೂಗು ತಿರುಗಿಸಿದ.
ಅವಳ ಹೊಟ್ಟೆಯ ಮೇಲೆ ಜೆಲ್ ಇನ್ನೂ
ನನ್ನ ಕಂಕುಳಷ್ಟೇ ಬೆಚ್ಚಗಿತ್ತು.
ಒರೆಸಿ, ಹೊದಿಸಿದೆ.